ಎಂ.ಓ.ಟಿ. ಹೊಸ ಸೆಮಿಸ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಆಕ್ಯುಪೇಷನಲ್ ಥೆರಪಿ (ಕಾಯಿಲೆ, ಪೆಟ್ಟಿನ ನಂತರ ದಿನನಿತ್ಯದ ಕೆಲಸ ಮತ್ತೆ ಮಾಡಿಸುವ ಚಿಕಿತ್ಸೆ) ಸ್ನಾತಕೋತ್ತರ ಕೋರ್ಸ್ ಎಂ.ಓ.ಟಿ.ಯ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಲ್ಲಿ ಮೂರಕ್ಕೆ ಈ ಬಾರಿ ಉತ್ತರ.

ಪ್ರಶ್ನೆ: ಲಕ್ವ ಹೊಡೆದವರ ಕೈಗೆ ಮಿರರ್ ಥೆರಪಿ (ಸರಿಯಿರುವ ಕೈಯ ಚಲನೆಯನ್ನು ಕನ್ನಡಿಯಲ್ಲಿ ನೋಡುತ್ತ ಮಾಡುವ ಅಭ್ಯಾಸ) ಕೊಟ್ಟು ಎರಡು ಗುಂಪು ಹೋಲಿಸುವ ಥೀಸಿಸ್ ನನ್ನದು. ಗುಂಪಿಗೆ 15 ಜನ ಸಾಕು ಅನ್ನುತ್ತಾರೆ ಸೀನಿಯರ್‌ಗಳು. ಈ ಸೆಮಿಸ್ಟರ್‌ನಲ್ಲೇ ಪೇಷೆಂಟ್‌ಗಳನ್ನು ತೆಗೆದುಕೊಳ್ಳಬಹುದೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಬರುವವರೆಗೆ ಒಬ್ಬರನ್ನೂ ತೆಗೆದುಕೊಳ್ಳಬೇಡಿ. 2018ರ ಏಪ್ರಿಲ್ 1ರಿಂದ ಅಲ್ಲಿ ಮುಂಗಡ ನೋಂದಣಿ ಮಾತ್ರ. ಶುರುವಾದ ಅಧ್ಯಯನವನ್ನು ಆಮೇಲೆ ಸೇರಿಸಲು ಬರುವುದಿಲ್ಲ. ನೋಂದಣಿಗೆ ದುಡ್ಡಿಲ್ಲ, ಆದರೆ ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಬೇಕು. ಕಮಿಟಿಯಲ್ಲಿ ಫೈಲು ನಿಲ್ಲುವುದು ಹೆಚ್ಚಾಗಿ ಪೇಷೆಂಟ್ ಸಹಿ ಹಾಕುವ ಕನ್ನಡದ ಒಪ್ಪಿಗೆ ಪತ್ರದಿಂದ. ಇಂಗ್ಲಿಷಿನದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿಟ್ಟರೆ ಪೇಷೆಂಟಿನ ಮನೆಯವರಿಗೇ ಅರ್ಥವಾಗುವುದಿಲ್ಲ. ಓದು ಬಾರದವರ ಹೆಬ್ಬೆಟ್ಟಿನ ಜೊತೆ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಸಹಿಗೂ ಜಾಗ ಬಿಟ್ಟಿರಬೇಕು.

ಇನ್ನು ಆ 15. ಲಕ್ವದ ನಂತರದ ಚಲನೆ ಅಳೆಯುವ ಫ್ಯೂಗಲ್-ಮೇಯರ್ ಪರೀಕ್ಷೆಯ ಕೈ ಭಾಗಕ್ಕೆ ಒಟ್ಟು 66 ಅಂಕ. ನೀವು ಆಧಾರವಾಗಿಟ್ಟುಕೊಂಡ ಹಳೆಯ ಅಧ್ಯಯನದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 10 ಇದೆ, ನಿಮಗೆ ಗುಂಪುಗಳ ನಡುವೆ 8 ಅಂಕದ ವ್ಯತ್ಯಾಸ ಹಿಡಿಯಬೇಕು ಅಂತಿಟ್ಟುಕೊಳ್ಳಿ. ಶೇ. 5 ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಅನ್ನುವ ಅಪಾಯ), ಶೇ. 80 ಪವರ್‌ಗೆ (ಇರುವ ವ್ಯತ್ಯಾಸ ಹಿಡಿಯುವ ಸಾಧ್ಯತೆ) ಸೂತ್ರದಲ್ಲಿ ಬರುವ ಸಂಖ್ಯೆ 15.68. ಅದನ್ನು 10ರ ವರ್ಗ 100ರಿಂದ ಗುಣಿಸಿ 8ರ ವರ್ಗ 64ರಿಂದ ಭಾಗಿಸಿದರೆ 24.5, ಅಂದರೆ ಗುಂಪಿಗೆ 25. ಶೇ. 20 ಜನ ನಡುವೆ ಬಿಟ್ಟುಹೋಗುತ್ತಾರೆಂದರೆ 25ಕ್ಕೆ 5 ಕೂಡಿಸಿ 30 ಮಾಡುವವರೇ ಜಾಸ್ತಿ. ಅದು ತಪ್ಪು. 25ನ್ನು 0.8ರಿಂದ ಭಾಗಿಸಬೇಕು, ಗುಂಪಿಗೆ 32, ಒಟ್ಟು 64. ಗುಂಪಿಗೆ 15 ಜನ ಸಾಕಾಗುವುದು ವ್ಯತ್ಯಾಸ ಹತ್ತಕ್ಕಿಂತ ಹೆಚ್ಚಿದ್ದಾಗ ಮಾತ್ರ, ಅದೂ ಯಾರೂ ಬಿಟ್ಟುಹೋಗದಿದ್ದರೆ.

ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯುವ ಮುಂಚೆ ಓಪಿಡಿ ರಿಜಿಸ್ಟರ್ ತೆಗೆದು ಹಿಂದಿನ ಆರು ತಿಂಗಳಲ್ಲಿ ನಿಮ್ಮ ಷರತ್ತಿಗೆ ಹೊಂದುವವರು ಎಷ್ಟು ಬಂದಿದ್ದಾರೆ ಎಣಿಸಿ. ತಿಂಗಳಿಗೆ 10 ಜನ ಬಂದು ಅರ್ಧದಷ್ಟು ಒಪ್ಪಿದರೂ 64 ಆಗಲು 13 ತಿಂಗಳು ಬೇಕು. ಕೊನೆಯವರ ಚಿಕಿತ್ಸೆ ಮುಗಿಯುವ ವಾರಗಳು ಬೇರೆ. ಎರಡು ವರ್ಷದ ಕೋರ್ಸಿನಲ್ಲಿ ಅದು ಕಷ್ಟ. ಇನ್ನೊಂದು ಆಸ್ಪತ್ರೆ ಸೇರಿಸಿಕೊಳ್ಳಿ, ಇಲ್ಲವೇ ಪೈಲಟ್ ಅಧ್ಯಯನ (ಪ್ರಾಯೋಗಿಕ ಸಣ್ಣ ಅಧ್ಯಯನ) ಎಂದೇ ಶೀರ್ಷಿಕೆಯಲ್ಲಿ ಹಾಕಿ. ಪೈಲಟ್ ಅನ್ನಲು ಸಂಕೋಚಪಡಬೇಕಿಲ್ಲ.

ಪ್ರಶ್ನೆ: ದಿನನಿತ್ಯದ ಕೆಲಸ ಎಷ್ಟು ಸ್ವತಂತ್ರವಾಗಿ ಮಾಡುತ್ತಾರೆಂದು ಅಳೆಯುವ ಬಾರ್ಥೆಲ್ ಇಂಡೆಕ್ಸ್‌ನಲ್ಲಿ ಊಟದ ಅಂಶ ಬೆಣ್ಣೆ ಸವರುವುದು, ಕತ್ತರಿಸುವುದು ಅಂತಿದೆ. ಮುದ್ದೆ ತಿನ್ನುವವರಿಗೆ ಅಂಕ ಹೇಗೆ ಕೊಡುವುದು?
– ಓದುಗರು, ಮಂಡ್ಯ

ಉತ್ತರ: ಫಾರಂನ ಮಾತು ತಿದ್ದಬೇಡಿ, ಅದರ ಆಶಯ ಹಿಡಿಯಿರಿ. ತಟ್ಟೆ ಮುಂದಿಟ್ಟ ಮೇಲೆ ತಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡರೆ 10. ಮನೆಯವರು ಮುರಿದಿಟ್ಟರೆ ಅಥವಾ ಅನ್ನ ಕಲಸಿಕೊಟ್ಟರೆ 5. ಯಾವ ಕೈಯಲ್ಲಿ ತಿಂದರೆಂದು ಬಾರ್ಥೆಲ್ ಕೇಳುವುದಿಲ್ಲ. ಬಲಗೈ ಸ್ವಾಧೀನ ತಪ್ಪಿದವರು ಎಡಗೈಯಲ್ಲಿ ಉಂಡು 10 ಪಡೆಯುತ್ತಾರೆ. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ಒಪ್ಪುವುದಿಲ್ಲ. ಹಾಗಾಗಿ ಜೊತೆಗೆ ಸಿಓಪಿಎಂ (ಪೇಷೆಂಟ್ ತನ್ನ ಕೆಲಸಗಳಿಗೆ ತಾನೇ ಅಂಕ ಕೊಡುವ ಸಂದರ್ಶನ) ಮಾಡಿ. ಅಲ್ಲಿ ಅವರೇ ತಮ್ಮ ಊಟಕ್ಕೆ ನಿರ್ವಹಣೆಯಲ್ಲಿ, ತೃಪ್ತಿಯಲ್ಲಿ 10ಕ್ಕೆ ಎಷ್ಟು ಅಂತ ಹೇಳುತ್ತಾರೆ. 2 ಅಂಕ ಏರಿದರೆ ಗಣನೀಯ ಬದಲಾವಣೆ ಅನ್ನುವುದು ರೂಢಿ.

ಪ್ರಶ್ನೆ: ರೇಡಿಯಲ್ ನರ (ಮಣಿಕಟ್ಟು ಎತ್ತಿಸುವ ನರ) ಪೆಟ್ಟಾದವರಿಗೆ ಕಾಕ್‌ಅಪ್ ಸ್ಪ್ಲಿಂಟ್ (ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿ) ಮಾಡಿದೆ. ಮುಷ್ಟಿ ಕಟ್ಟಲು ಆಗುತ್ತಿಲ್ಲ, ಮಣಿಕಟ್ಟಿನ ಕಿರುಬೆರಳ ಕಡೆಯ ಮೂಳೆ ಮೇಲೆ ಕೆಂಪು ಗುರುತು. ಎಲ್ಲಿ ತಪ್ಪಿತು?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮುಷ್ಟಿ ಕಟ್ಟಲು ಆಗದಿದ್ದರೆ ತಪ್ಪು ಪೇಪರ್ ಪ್ಯಾಟರ್ನ್‌ನಲ್ಲೇ ಇದೆ. ಮೇಲಂಚು ಅಂಗೈಯಲ್ಲಿ ಬೆರಳುಗಳ ಕಡೆಯ ಅಡ್ಡಗೆರೆ ದಾಟಿದೆ, ಅಥವಾ ಅಂಚನ್ನು ನೇರ ಕತ್ತರಿಸಿದ್ದೀರಿ. ತೋರುಬೆರಳಿನ ಕಡೆ ಎತ್ತರ, ಕಿರುಬೆರಳಿನ ಕಡೆ ತಗ್ಗಾಗಿ ಓರೆ ಇರಬೇಕು. ಹೆಬ್ಬೆರಳ ಬುಡದ ಗೆರೆಯೂ ಪೂರ್ತಿ ಬಿಡುವಾಗಿರಲಿ. ಕೆಳಗಡೆ ಮುಂದೋಳಿನ ಮೂರನೇ ಎರಡು ಭಾಗದಷ್ಟು ಉದ್ದ, ಸುತ್ತಳತೆಯ ಅರ್ಧದಷ್ಟು ಅಗಲ.

ಕೆಂಪು ಗುರುತಿಗೆ ಕಾರಣ ಆಮೇಲೆ ಒಳಗೆ ಅಂಟಿಸಿದ ಪ್ಯಾಡ್ ಇರಬಹುದು. ಇದ್ದ ಜಾಗವನ್ನೂ ಅದು ತಿಂದು ಒತ್ತಡ ಹೆಚ್ಚಿಸುತ್ತದೆ. ಮೂಳೆಯ ಮೇಲೆ ಮೊದಲೇ ಪ್ಯಾಡ್ ಇಟ್ಟು ಅದರ ಮೇಲೆ ಅಚ್ಚು ಕೂರಿಸಿ. ಬಿಸಿಗೆ ಮೆದುವಾಗುವ 3.2 ಮಿ.ಮೀ. ಪ್ಲಾಸ್ಟಿಕ್ ಹಾಳೆಗೆ 65ರಿಂದ 75 ಡಿಗ್ರಿ ನೀರಿನಲ್ಲಿ ಸುಮಾರು ಒಂದು ನಿಮಿಷ ಸಾಕು. ಅತಿಯಾದರೆ ಹಿಗ್ಗಿ, ಪ್ಯಾಟರ್ನ್ ಅಳತೆ ಕೆಡುತ್ತದೆ. ಟವೆಲಿನಲ್ಲಿ ಒರೆಸಿ, ಬಿಸಿಯನ್ನು ಮೊದಲು ನಿಮ್ಮ ತೋಳಿನ ಮೇಲೆ ನೋಡಿಕೊಳ್ಳಿ. ಮಣಿಕಟ್ಟು 20ರಿಂದ 30 ಡಿಗ್ರಿ ಹಿಂದಕ್ಕೆ ಬಾಗಿರಲಿ. ಅಂಗೈ ಮೇಲ್ಮುಖವಾಗಿಟ್ಟು ಕೂರಿಸಿದರೂ, ಪೂರ್ತಿ ಗಟ್ಟಿಯಾಗುವ ಮುಂಚೆ ಹೆಬ್ಬೆರಳು ಮೇಲಾಗುವಂತೆ ತೋಳು ತಿರುಗಿಸಿ. ಇಲ್ಲದಿದ್ದರೆ ಕೈ ತಿರುಗಿಸಿದ ಕೂಡಲೇ ಸ್ಪ್ಲಿಂಟ್ ತಿರುಚಿಕೊಂಡು ಅಂಚು ಒತ್ತುತ್ತದೆ. ಬೆರಳ ತುದಿಯಿಂದ ಅದುಮಬೇಡಿ, ಪ್ರತಿ ಗುಳಿಯೂ ಒಳಗಡೆ ಗುಬುಟಾಗುತ್ತದೆ.

ಅರ್ಧ ಗಂಟೆ ಹಾಕಿಸಿ, ಬಿಚ್ಚಿ ನೋಡದೆ ಮನೆಗೆ ಕಳಿಸಬೇಡಿ. ಕೆಂಪು 20 ನಿಮಿಷದಲ್ಲಿ ಮಾಯವಾಗದಿದ್ದರೆ ಆ ಜಾಗವನ್ನಷ್ಟೇ ಹೀಟ್ ಗನ್‌ನಿಂದ ಬಿಸಿ ಮಾಡಿ ಉಬ್ಬಿಸಿ. ಸ್ಪರ್ಶಜ್ಞಾನ ಕಡಿಮೆ ಇರುವವರು, ಉದಾಹರಣೆಗೆ ಹಳೆಯ ಸಕ್ಕರೆ ಕಾಯಿಲೆಯವರು, ನೋವೆಂದು ಹೇಳುವುದೇ ಇಲ್ಲ. ಅಂಥವರಿಗೆ ದಿನಕ್ಕೆ ಎರಡು ಸಲ ಬಿಚ್ಚಿ ಚರ್ಮ ನೋಡುವ ಕೆಲಸವನ್ನು ಮನೆಯವರಲ್ಲಿ ಒಬ್ಬರಿಗೆ ಒಪ್ಪಿಸಿ.