ಅರಬ್ ಚಿತ್ರೋತ್ಸವ ಒಂದೇ ಊರಲ್ಲಿ ನಿಲ್ಲದೆ ಸುತ್ತುವುದು ಯಾಕೆ?

ಆಸ್ಟ್ರೇಲಿಯಾದ ಅರಬ್ ಚಿತ್ರೋತ್ಸವವನ್ನೇ ನೋಡಿ. 2001ರಲ್ಲಿ ಪಶ್ಚಿಮ ಸಿಡ್ನಿಯಲ್ಲಿ ಶುರುವಾಯಿತು. ಲೆಬನಾನ್, ಇರಾಕ್ ಮೂಲದವರು ಜಾಸ್ತಿ ಇರುವ ಕಡೆ ಅದು. ಅಲ್ಲಿನ ಪ್ಯಾರಾಮಟಾ ಎಂಬಲ್ಲಿ ತೋರಿಸಿದ ಸಿನಿಮಾಗಳು ಮೆಲ್ಬೋರ್ನ್, ಕ್ಯಾನ್‌ಬೆರಾಗಳಿಗೂ ಹೋಗಿವೆ. ಇಂಥವನ್ನು ಮಾಮೂಲಿ ಥಿಯೇಟರ್‌ಗಳು ವಾರಗಟ್ಟಲೆ ಓಡಿಸುವುದು ಅಪರೂಪ. ಪ್ರದರ್ಶನದ ಹಕ್ಕು, ಸಬ್‌ಟೈಟಲ್ ಅಂತ ಅಷ್ಟೆಲ್ಲ ಓಡಾಡಿದ ಮೇಲೆ ಇನ್ನೂ ನಾಲ್ಕು ಊರಿನವರು ನೋಡಲಿ, ಅಲ್ವಾ?

ಸಬ್‌ಟೈಟಲ್ ಅರಬರಿಗೂ ಬೇಕಾಗುತ್ತದೆ. ಕೈರೋದ ಹಳೇ ಸಿನಿಮಾಗಳ ದೆಸೆಯಿಂದ ಈಜಿಪ್ಟಿನ ಮಾತು ಹೆಚ್ಚಿನವರಿಗೆ ಗೊತ್ತು. ಆದರೆ ಮೊರಾಕೊದ ಆಡುಮಾತು ಲೆಬನಾನಿನ ಬೈರುತ್‌ನವರಿಗೆ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ. ಪಕ್ಕದ ಸೀಟಿನ ಅರಬ್ ಪ್ರೇಕ್ಷಕರೂ ನಿಮ್ಮ ಹಾಗೆಯೇ ಅಕ್ಷರ ಓದುತ್ತಿರಬಹುದು. ನೋಡಲು ಹೋದರೆ ಈಜಿಪ್ಟಿನದೊಂದು, ಟ್ಯುನೀಷಿಯಾದ್ದೊಂದು ಆರಿಸಿಕೊಳ್ಳಿ. ಎರಡೂ ಬೇರೆ ಬೇರೆ ಲೋಕ.