ಮಗನನ್ನು ಆಶ್ರಮ ಶಾಲೆಯಿಂದ ಬಿಡಿಸಿದರೆ ಮುಂದೇನು?

ನಿಮ್ಮ ಎಂಟು ವರ್ಷದ ಮಗ ಆಶ್ರಮ ಶಾಲೆಯಿಂದ (ಆದಿವಾಸಿ ಮಕ್ಕಳ ವಸತಿ ಶಾಲೆ) ಎರಡು ಬಾರಿ ಓಡಿಬಂದಿದ್ದಾನೆ, ಹಾಡಿಯ (ಆದಿವಾಸಿಗಳ ಊರು) ಯಜಮಾನರು ಇನ್ನು ಕಳಿಸುವುದು ಬೇಡ ಎನ್ನುತ್ತಿದ್ದಾರೆ, ಓದು ನಿಂತರೆ ಗತಿಯೇನು ಎಂದು ಕೇಳಿದ್ದೀರಿ. ನಾನು ನಿಮ್ಮಂತೆ ಜೇನುಕುರುಬ ಸಮುದಾಯದವನಲ್ಲ, ಎಚ್.ಡಿ. ಕೋಟೆಯ ಕಡೆ ಕಾಡಂಚಿನ ಶಾಲೆಯೊಂದರಲ್ಲಿ 11 ವರ್ಷ ಪಾಠ ಮಾಡಿದವನು. ಆ ಅನುಭವದಿಂದ ಹೇಳುವುದಾದರೆ, ಮಗನನ್ನು ಹಾಸ್ಟೆಲಿನಿಂದ ಬಿಡಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ದಾಖಲಾತಿಯಿಂದ ಬಿಡಿಸಬೇಡಿ. ಇವೆರಡನ್ನೂ ಒಂದೇ ಎಂದುಕೊಂಡು ಪೇಚಿಗೆ ಸಿಲುಕಿದ ಮನೆಗಳನ್ನು ಕಂಡಿದ್ದೇನೆ.

ಮಗು ಓಡಿಬರುವುದಕ್ಕೆ ಮನೆಯ ನೆನಪೊಂದೇ ಕಾರಣವಲ್ಲ. ಒಮ್ಮೆ ಎರಡನೆಯ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ‘ಜೇನು’ ಎಂದು ಬರೆದು, ಇದರ ಬಗ್ಗೆ ಯಾರಿಗೆ ಏನು ಗೊತ್ತು ಎಂದು ಕೇಳಿದೆ. ಮೂರು ತಿಂಗಳಿಂದ ಬಾಯಿ ಬಿಡದಿದ್ದ ಹುಡುಗನೊಬ್ಬ ಎದ್ದುನಿಂತು “ಯಾವ ಜೇನು ಸಾರ್?” ಎಂದ. ಹೆಜ್ಜೇನು ಬಂಡೆಗೋ ಎತ್ತರದ ಕೊಂಬೆಗೋ ಕಟ್ಟುತ್ತದೆ, ತುಡುವೆ ಪೊಟರೆಯೊಳಗೆ, ಕೋಲುಜೇನು ಪೊದೆಯ ಕಡ್ಡಿಗೆ ಎಂದು ವಿವರಿಸಿ, ನಸರುಜೇನು ಗೂಡಿನ ಬಾಯಿಗೆ ಕಟ್ಟುವ ಮೇಣದ ಕೊಳವೆ ಎಷ್ಟು ಸಪೂರ ಎಂಬುದನ್ನು ಕಿರುಬೆರಳು ಹಿಡಿದು ತೋರಿಸಿದ. ಅವನ ಹೆಸರಿನ ಮುಂದೆ ‘ಕಲಿಕೆಯಲ್ಲಿ ಹಿಂದುಳಿದವನು’ ಎಂದು ಬರೆದಿದ್ದವನು ನಾನೇ. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರವಿರುವುದೇ ಇಲ್ಲಿ ತೊಡಕಾಗುತ್ತದೆ: ಅದನ್ನು ಬೇರೊಂದು ನುಡಿ ಎಂದು ತಿಳಿಯದೆ, ಕೆಟ್ಟ ಕನ್ನಡವೆಂದು ಎಣಿಸಿ, ನಾವು ಮೇಷ್ಟ್ರುಗಳು ಪ್ರತಿ ಮಾತನ್ನೂ ತಿದ್ದುತ್ತಾ ಹೋಗುತ್ತೇವೆ. ದಿನವಿಡೀ ತಿದ್ದಿಸಿಕೊಂಡ ಮಗು ಸುಮ್ಮನಾಗುತ್ತದೆ, ಆಮೇಲೊಂದು ದಿನ ಕಾಡುದಾರಿ ಹಿಡಿಯುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ನೆರವಿಗೆ ಬರುತ್ತದೆ. ಅದರ 5ನೆಯ ಸೆಕ್ಷನ್ ಪ್ರಕಾರ ಮಗುವನ್ನು ಮತ್ತೊಂದು ಸರ್ಕಾರಿ ಶಾಲೆಗೆ ವರ್ಗಾಯಿಸಲು ಕೇಳಿದರೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ತಡವಾಯಿತೆಂಬ ನೆಪದಲ್ಲಿ ಹೊಸ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ. ಓದು ನಡುವೆ ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ 4ನೆಯ ಸೆಕ್ಷನ್. ಬೋಧನೆ ಸಾಧ್ಯವಾದಷ್ಟೂ ಮಗುವಿನ ತಾಯಿನುಡಿಯಲ್ಲೇ ಇರಬೇಕೆಂದು 29ನೆಯ ಸೆಕ್ಷನ್ ಹೇಳುತ್ತದಾದರೂ ಆ ‘ಸಾಧ್ಯವಾದಷ್ಟೂ’ ಎಂಬ ಮಾತಿನ ಹಿಂದೆ ಎಲ್ಲರೂ ಅಡಗಿಕೊಳ್ಳುತ್ತಾರೆ. ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದಿದ್ದರೂ, ಸೇರಿಸದವರಿಗೆ ಈ ಕಾಯ್ದೆಯಲ್ಲಿ ದಂಡನೆಯಿಲ್ಲ. ಯಾರಾದರೂ ಕೇಸಿನ ಹೆಸರೆತ್ತಿ ಹೆದರಿಸಿದರೆ ಇದು ನೆನಪಿರಲಿ.

ಹಾಡಿಯಲ್ಲೇ ನಮ್ಮದೊಂದು ಶಾಲೆ ಮಾಡಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ನೀಲಗಿರಿಯ ಗೂಡಲೂರಿನ ವಿದ್ಯೋದಯ ಶಾಲೆಯನ್ನು ಒಮ್ಮೆ ಹೋಗಿ ನೋಡಿ. ಅಲ್ಲಿ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕನ್ ಮಕ್ಕಳಿಗೆ ಆದಿವಾಸಿ ಶಿಕ್ಷಕರೇ ಕಲಿಸುತ್ತಾರೆ, ಹಿರಿಯರ ಕಥೆ, ಹಾಡುಗಳೂ ಪಾಠವೆನಿಸಿವೆ. ಶಾಲೆಯ ಬೆನ್ನಿಗೆ ಆದಿವಾಸಿಗಳ ಸಂಘವಿದೆ. ವಯನಾಡಿನಲ್ಲಿ ಕೆ.ಜೆ. ಬೇಬಿ 1990ರ ದಶಕದಲ್ಲಿ ಕಟ್ಟಿದ ‘ಕನವು’ ಇನ್ನೂ ಮುಂದೆ ಹೋಗಿ, ಪರೀಕ್ಷೆಯ ಗೋಜೇ ಇಲ್ಲದೆ ಹಾಡು, ಕೇರಳದ ಸಮರಕಲೆ ಕಳರಿಪಯಟ್ಟು, ಬೇಸಾಯಗಳ ಮೂಲಕ ಕಲಿಸಿತು. ಎರಡರ ಮೇಲೂ ನನಗೆ ಗೌರವವಿದೆ. ಆದರೆ ಮಾನ್ಯತೆಯಿಲ್ಲದ ಶಾಲೆ ನಡೆಸುವವರಿಗೆ ಕಾಯ್ದೆಯ 18ನೆಯ ಸೆಕ್ಷನ್ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಹತ್ತು ಮನೆಯ ಹಾಡಿ ಆ ಭಾರ ಹೊರಲಾರದು. ಆದ್ದರಿಂದ ಹಗಲು ಹತ್ತಿರದ ಸರ್ಕಾರಿ ಶಾಲೆ, ಸಂಜೆ ಹಾಡಿಯಲ್ಲೇ ನಿಮ್ಮ ನುಡಿಯ ಕಲಿಕಾ ಕೇಂದ್ರ ಎಂಬ ಏರ್ಪಾಡು ನನಗೆ ಹೆಚ್ಚು ಸರಿ ಕಾಣುತ್ತದೆ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರದೇ ಬಹುಮತ ಇರುವುದರಿಂದ, ನಿಮ್ಮವರಿಬ್ಬರು ಅದರಲ್ಲಿದ್ದರೆ ಹಿರಿಯರನ್ನು ವಾರಕ್ಕೊಮ್ಮೆ ತರಗತಿಗೆ ಕರೆಸುವುದಕ್ಕೂ, ಜೇನು ಸುಗ್ಗಿಯಲ್ಲಿ ಗೈರುಹಾಜರಾದ ಮಕ್ಕಳ ಹೆಸರನ್ನು ಹಾಜರಿಯಿಂದ ಹೊಡೆದುಹಾಕದಂತೆ ನೋಡಿಕೊಳ್ಳುವುದಕ್ಕೂ ದಾರಿಯಾಗುತ್ತದೆ.

ಇದೂ ಒಗ್ಗದಿದ್ದರೆ, ದಿನವೂ ಶಾಲೆಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಅದರ ಎ, ಬಿ, ಸಿ ಹಂತಗಳು 3, 5, 8ನೆಯ ತರಗತಿಗಳಿಗೆ ಸಮ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ನೋಂದಾಯಿಸಬಹುದು. ಕನ್ನಡದಲ್ಲಿ ಯಾವ ವಿಷಯಗಳು ಸಿಗುತ್ತವೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ.

ಸದ್ಯಕ್ಕೆ ವರ್ಗಾವಣೆಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಒಕ್ಕಣೆ ಬೇಕಿದ್ದರೆ ಇಲ್ಲೇ ತಿಳಿಸಿ, ಬರೆದು ಹಾಕುತ್ತೇನೆ.