ಹಿತ್ತಲಿನ ಮೆಣಸಿನ ಗಿಡಗಳಿಗೆ ಎಷ್ಟು ಅಂತರ?

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಮಡಿಯಿದೆ. ಹಸಿಮೆಣಸಿನ ಸಸಿಗಳನ್ನು ಒಂದು ಗೇಣು ಅಂತರದಲ್ಲಿ ನೆಟ್ಟರೆ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ., ಅಂದರೆ ಒಂದು ಮೊಳ ಇರಲಿ. ಆಗ ನಿಮ್ಮ ಮಡಿಯಲ್ಲಿ ಎರಡು ಸಾಲುಗಳಿಗೆ ಸುಮಾರು 14 ಗಿಡಗಳು ಹಿಡಿಯುತ್ತವೆ. ಸಸಿ ಚಿಕ್ಕದಿರುವಾಗ ನಡುವಿನ ಜಾಗ ವ್ಯರ್ಥವೆಂದು ತೋರುವುದು ಸಹಜವಾದರೂ, ಒತ್ತಾಗಿ ನೆಟ್ಟರೆ ಗಿಡ ಕವಲೊಡೆದ ಮೇಲೆ ರೆಂಬೆಗಳು ಒಂದಕ್ಕೊಂದು ಹೆಣೆದುಕೊಂಡು, ಮಳೆ ನಿಂತ ಬಳಿಕವೂ ಒಳಗಿನ ಎಲೆಗಳು ಒಣಗದೆ, ಕಾಯಿಕೊಳೆಯಂತಹ ಶಿಲೀಂಧ್ರ ರೋಗಗಳಿಗೆ ದಾರಿಯಾಗುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಂತೂ ಈ ಅಪಾಯ ಹೆಚ್ಚು. ಮಡಿಯನ್ನು ಎತ್ತರಿಸಿ, ನೀರು ಬಸಿದುಹೋಗುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಎಲೆಯ ಅಡಿಭಾಗವನ್ನು ಮಗುಚಿ ನೋಡಿದರೆ ಮಾತ್ರ ಕಾಣುವ, ಎಲೆ ಮುದುಡಿಸುವ ಮುಟುರು ರೋಗ ತರುವ ನುಸಿಗಳೂ ತಾಗಿಕೊಂಡ ಎಲೆಗಳ ಮೂಲಕ ಸುಲಭವಾಗಿ ಹರಡುತ್ತವೆ.

ವರ್ಷಗಟ್ಟಲೆ ಉಳಿದು ಪೊದೆಯಾಗುವ ಸೂಜಿಮೆಣಸಿಗೆ ಮಾತ್ರ ಸುತ್ತಲೂ 3 ಅಡಿ ಬಿಡಿ. ಈಗಾಗಲೇ ಗೇಣಿಗೊಂದು ಸಸಿ ನೆಟ್ಟಿದ್ದಲ್ಲಿ, ಒಂದು ಬಿಟ್ಟು ಒಂದನ್ನು ಬೇರಿನ ಮಣ್ಣುಹೆಂಟೆಯ ಸಮೇತ ಸಂಜೆ ಹೊತ್ತಿನಲ್ಲಿ ಕಿತ್ತು ಬೇರೆಡೆ ನೆಟ್ಟು, ಕೂಡಲೇ ನೀರುಣಿಸಿ.